ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ಬೇಕೇ?

ಪ್ರಶ್ನೆ: ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸ. ವಯಸ್ಸು 52, ಮುಟ್ಟು ನಿಂತು ಎರಡು ವರ್ಷ. ರಾತ್ರಿ ಮೈ ಬಿಸಿಯೇರಿ, ರವಿಕೆ ಒದ್ದೆಯಾಗುವಷ್ಟು ಬೆವರುತ್ತೇನೆ. ಹಾರ್ಮೋನ್ ಮಾತ್ರೆಯಿಂದ ಮುಪ್ಪು ತಡೆಯಬಹುದೇ?

ಉತ್ತರ: ಮುಪ್ಪನ್ನು ತಡೆಯುವುದಿಲ್ಲಮ್ಮ. ಆದರೆ ಈ ಬಿಸಿ, ಬೆವರಿಗೆ ಅದೇ ಅತ್ಯಂತ ಪರಿಣಾಮಕಾರಿ ಔಷಧಿ. ಮೂಳೆ ಸವೆತವೂ ತಗ್ಗುತ್ತದೆ. 60 ದಾಟದ, ಮುಟ್ಟು ನಿಂತು 10 ವರ್ಷವಾಗದ ಆರೋಗ್ಯವಂತರಿಗೆ ಸಾಮಾನ್ಯವಾಗಿ ಲಾಭವೇ ಹೆಚ್ಚು. ಗರ್ಭಕೋಶ ಇದ್ದರೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಬೇಕೇ ಬೇಕು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಹೃದಯಾಘಾತ, ರಕ್ತ ಹೆಪ್ಪುಗಟ್ಟಿದ ತೊಂದರೆ, ಲಿವರ್ ಕಾಯಿಲೆ ಇದ್ದವರಿಗೆ ಇದು ಬೇಡ. ಅಂಥವರಿಗೆ ಹಾರ್ಮೋನ್ ಅಲ್ಲದ ಮಾತ್ರೆಗಳಿವೆ. ಮೊದಲು ಸ್ತ್ರೀರೋಗ ತಜ್ಞರಲ್ಲಿ ಬಿಪಿ, ಸ್ತನ ತಪಾಸಣೆ ಮಾಡಿಸಿ. ಮೆಡಿಕಲ್ ಸ್ಟೋರ್‌ನಲ್ಲಿ ನೀವೇ ಕೇಳಿ ತರಬೇಡಿ. ರಾಗಿ, ಹಾಲು, ದಿನಾ ಅರ್ಧ ಗಂಟೆ ನಡಿಗೆ ಬಿಡಬೇಡಿ. ನಿಂತ ಮುಟ್ಟು ಒಂದು ಹನಿ ಮತ್ತೆ ಕಂಡರೂ ತಡಮಾಡದೆ ವೈದ್ಯರ ಬಳಿ ಹೋಗಿ.