ಡಿಶ್‌ವಾಷರ್ ಬದಲಿಸುವಿರಾ? ಮೊದಲು ಅಳೆಯಿರಿ, ಆಮೇಲೆ ಕೊಳ್ಳಿ

ಹಲವು ವರ್ಷ ದುಡಿದ ಡಿಶ್‌ವಾಷರ್ ಲೋಟಗಳ ಮೇಲೆ ಬಿಳಿ ಪೊರೆ ಉಳಿಸತೊಡಗುತ್ತದೆ. ತಳದಲ್ಲಿ ನೀರು ನಿಲ್ಲುತ್ತದೆ. ಬಿಡಿಭಾಗ ಸಿಗುವುದಿಲ್ಲ ಎಂದು ಮೆಕ್ಯಾನಿಕ್ ಕೈಚೆಲ್ಲುತ್ತಾನೆ. ಹೊಸದಕ್ಕೆಂದು ಅಂಗಡಿಗೆ ಹೋದರೆ ವೈಫೈ, ಒಳದೀಪ, ತಾನೇ ತೆರೆಯುವ ಬಾಗಿಲು ಎಂದು ಬೆಲೆ ಏರುತ್ತಲೇ ಹೋಗುತ್ತದೆ. ನಮ್ಮ ಅಡುಗೆಮನೆಯ ಸ್ಟೀಲ್ ಪಾತ್ರೆ, ಒಗ್ಗರಣೆಯ ಜಿಡ್ಡು, ಬೋರ್‌ವೆಲ್ ನೀರು ಇವುಗಳನ್ನು ನಿಭಾಯಿಸಲು ಸರಳ, ಅಗ್ಗದ ಮಾದರಿಯೇ ಸಾಕು. ಯಂತ್ರ ಎಷ್ಟು ಕಾಲ ಬಾಳುತ್ತದೆ ಎಂಬುದು ಅದನ್ನು ಕೂರಿಸುವ ಜಾಗ, ಅದಕ್ಕೆ ಸಿಗುವ ನೀರು ಮತ್ತು ಕರೆಂಟಿನ ಮೇಲೆ ನಿಂತಿದೆ.

1. ಹಳೆಯದು ನಿಜಕ್ಕೂ ಕೆಟ್ಟಿದೆಯೇ?

ಮೊದಲು ತಳದ ಫಿಲ್ಟರ್ ಬಿಚ್ಚಿ ತೊಳೆಯಿರಿ. ನೀರು ಚಿಮ್ಮುವ ತೋಳುಗಳನ್ನು ಕಳಚಿ, ರಂಧ್ರಗಳಲ್ಲಿ ಸಿಕ್ಕಿದ ಅನ್ನದಗುಳು, ಸಾಸಿವೆಕಾಳನ್ನು ಕಡ್ಡಿಯಿಂದ ತೆಗೆಯಿರಿ. ನಲ್ಲಿ ನೀರು ಯಂತ್ರಕ್ಕೆ ಸೇರುವಲ್ಲಿರುವ ಪುಟ್ಟ ಜಾಲರಿಯಲ್ಲಿ ಮರಳು ಕಟ್ಟಿರಬಹುದು, ಅದನ್ನೂ ನೋಡಿ. ಬಿಳಿ ಪೊರೆಯೊಂದೇ ತೊಂದರೆಯಾದರೆ ಉಪ್ಪಿನ ಡಬ್ಬಿ ಖಾಲಿಯಾಗಿದೆಯೇ ಪರೀಕ್ಷಿಸಿ. ನಾಲ್ಕೈದು ಚಮಚ ನಿಂಬೆ ಉಪ್ಪು ಹಾಕಿ ಖಾಲಿ ಯಂತ್ರವನ್ನು ಬಿಸಿನೀರಿನ ಪ್ರೋಗ್ರಾಮ್‌ನಲ್ಲಿ ಓಡಿಸಿ. ಇಷ್ಟಾದರೂ ಸರಿಹೋಗದೆ, ರಿಪೇರಿಯ ಖರ್ಚು ಹೊಸದರ ಅರ್ಧ ಬೆಲೆಯನ್ನು ದಾಟಿದರೆ ಬದಲಿಸುವುದೇ ಲೇಸು.

2. ಜಾಗ ಅಳೆಯಿರಿ

ನೆಲದ ಮೇಲೆ ನಿಲ್ಲುವ ಮಾದರಿಗಳು ಸಾಮಾನ್ಯವಾಗಿ 60 ಸೆಂ.ಮೀ. ಅಗಲ, ಅಷ್ಟೇ ಆಳ, ಸುಮಾರು 85 ಸೆಂ.ಮೀ. ಎತ್ತರ ಇರುತ್ತವೆ. ನಮ್ಮ ಗ್ರಾನೈಟ್ ಕಟ್ಟೆಗಳ ಕೆಳಗೆ ಇಷ್ಟು ಎತ್ತರ ಸಿಗದೇ ಇರಬಹುದು. ಮೇಲಿನ ಮುಚ್ಚಳ ತೆಗೆದು ಕೆಲವು ಸೆಂ.ಮೀ. ತಗ್ಗಿಸಬಹುದಾದ ಮಾದರಿಗಳಿವೆ, ಅಂಗಡಿಯಲ್ಲಿ ಕೇಳಿ. ಹಿಂದೆ ಪೈಪುಗಳಿಗೆ ಐದಾರು ಸೆಂ.ಮೀ. ಬಿಡಿ. ಬಾಗಿಲು ಪೂರ್ತಿ ಕೆಳಕ್ಕೆ ಬಿದ್ದಾಗ ಎದುರಿಗೆ ನಿಲ್ಲಲು ಜಾಗ ಉಳಿಯುತ್ತದೆಯೇ ನೋಡಿ. ಯುಟಿಲಿಟಿಯಲ್ಲಿ ಇಡುವುದಾದರೆ ಮಳೆಯ ಎರಚಲು ಬೀಳದ ಮೂಲೆ ಆರಿಸಿ.

3. ನೀರು, ಕರೆಂಟು ಪರೀಕ್ಷಿಸಿ

ನೀರಿನ ಗಡಸುತನ ಅಳೆಯುವ ಪಟ್ಟಿ ಅಥವಾ ಹನಿ ಕಿಟ್ ತಂದು ಪರೀಕ್ಷಿಸಿ. ಟಿಡಿಎಸ್ ಮೀಟರ್ ಕರಗಿದ ಲವಣಗಳ ಒಟ್ಟು ಅಂದಾಜು ಕೊಡುತ್ತದೆ, ಗಡಸುತನವನ್ನು ಬೇರೆಯಾಗಿ ತೋರಿಸುವುದಿಲ್ಲ. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿ.ಗ್ರಾಂ. ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಇರಬಹುದು ಎನ್ನುತ್ತದೆ ಭಾರತೀಯ ಮಾನಕ. ಬಯಲುಸೀಮೆಯ ಬೋರ್‌ವೆಲ್‌ಗಳಲ್ಲಿ ಗಡಸು ನೀರು ಸಾಮಾನ್ಯ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ನೀರು ಒಂದೇ ಸಂಪಿಗೆ ಬೀಳುವುದರಿಂದ ಬೇಸಿಗೆಯಲ್ಲಿ ಮತ್ತೊಮ್ಮೆ ಅಳೆಯಬೇಕು.

ಒತ್ತಡವೂ ಮುಖ್ಯ. ಟ್ಯಾಂಕ್ ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಒತ್ತಡ ಸುಮಾರು 1 ಬಾರ್ ಸಿಗುತ್ತದೆ. ಕೊನೆಯ ಮಹಡಿಯಲ್ಲಿ ಎರಡು ಮೂರು ಮೀಟರ್ ಅಂತರವಷ್ಟೇ ಇದ್ದರೆ 0.2ರಿಂದ 0.3 ಬಾರ್ ಮಾತ್ರ. ಯಂತ್ರಕ್ಕೆ ಬೇಕಾದ ಕನಿಷ್ಠ ಒತ್ತಡ ಕೈಪಿಡಿಯಲ್ಲಿರುತ್ತದೆ. ಅಷ್ಟು ಸಿಗದಿದ್ದರೆ ಪ್ರೆಶರ್ ಪಂಪ್ ಖರ್ಚನ್ನೂ ಬಜೆಟ್ಟಿಗೆ ಸೇರಿಸಿ.

ನೀರು ಕಾಯಿಸುವಾಗ ಯಂತ್ರ ಸುಮಾರು 2,000 ವ್ಯಾಟ್ ಎಳೆಯುತ್ತದೆ. ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್ ಬೇಕೇ ಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ, ಅದು ಕಾದು ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.

4. ಯಾವುದಕ್ಕೆ ಹಣ ಕೊಡಬೇಕು?

ನಾಲ್ಕು ಸೌಲಭ್ಯಗಳಲ್ಲಿ ರಾಜಿ ಬೇಡ: ಗಡಸುತನಕ್ಕೆ ತಕ್ಕಂತೆ ಹೊಂದಿಸಬಹುದಾದ ವಾಟರ್ ಸಾಫ್ಟ್‌ನರ್, 70 ಡಿಗ್ರಿ ಸೆಲ್ಸಿಯಸ್ ತಲುಪುವ ಪ್ರೋಗ್ರಾಮ್, ಒಳಗೆ ಸ್ಟೀಲ್ ತೊಟ್ಟಿ, ಎತ್ತರ ಬದಲಿಸಬಹುದಾದ ಮೇಲಿನ ತಟ್ಟೆ. ಕೊನೆಯದಿಲ್ಲದಿದ್ದರೆ ಬಾಣಲೆ, ದೊಡ್ಡ ಪಾತ್ರೆಗಳು ಕೆಳಗೆ ಹಿಡಿಸುವುದಿಲ್ಲ. ನಾಲ್ಕೈದು ಜನರ ಮನೆಗೆ 12ರಿಂದ 14 ಪ್ಲೇಸ್ ಸೆಟ್ಟಿಂಗ್ ಸರಿ. ಇಬ್ಬರೇ ಇದ್ದರೆ 8 ಪ್ಲೇಸ್ ಸೆಟ್ಟಿಂಗ್‌ನ ಕಟ್ಟೆ ಮೇಲಿನ ಮಾದರಿ ನೋಡಬಹುದು. ವೈಫೈ, ಒಳದೀಪ, ಮೂರನೇ ತಟ್ಟೆ ಇಲ್ಲದೆಯೂ ಪಾತ್ರೆ ಅಷ್ಟೇ ಚೊಕ್ಕಟವಾಗುತ್ತದೆ. ನಿಮ್ಮ ಊರಿನಲ್ಲಿ ಸರ್ವೀಸ್ ಸೆಂಟರ್ ಇಲ್ಲದ ಕಂಪನಿಯ ಯಂತ್ರ ಎಷ್ಟೇ ಅಗ್ಗವಾದರೂ ಬೇಡ.

2025ರ ಸೆಪ್ಟೆಂಬರ್ 22ರಿಂದ ಡಿಶ್‌ವಾಷರ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ.

5. ಹಳೆಯದನ್ನು ಬಿಚ್ಚಿ

ಪ್ಲಗ್ ಕಿತ್ತು, ನೀರಿನ ವಾಲ್ವ್ ತಿರುಗಿಸಿ ಬಂದ್ ಮಾಡಿ. ಕೆಳಗೆ ಬಕೆಟ್ ಇಟ್ಟು ಮೊದಲು ಒಳಹರಿವಿನ ಪೈಪ್, ನಂತರ ಹೊರಹರಿವಿನ ಪೈಪ್ ಕಳಚಿ. ತಳದಲ್ಲಿ ನಿಂತ ನೀರನ್ನು ಮಗ್ಗಿನಿಂದ ತೋಡಿ, ಉಳಿದದ್ದನ್ನು ಬಟ್ಟೆಯಲ್ಲಿ ಹೀರಿ. ಯಂತ್ರ ಭಾರವಾಗಿರುವುದರಿಂದ ಇಬ್ಬರು ಸೇರಿ ನಿಧಾನವಾಗಿ ಎಳೆಯಬೇಕು. ಹಿಂದಿನ ಗೋಡೆಯಲ್ಲಿ ಒದ್ದೆ, ಸಾಕೆಟ್‌ನಲ್ಲಿ ಕರಕಲು ಗುರುತು ಕಂಡರೆ ಹೊಸದು ಬರುವ ಮೊದಲೇ ಸರಿಪಡಿಸಿ.

6. ಹೊಸದನ್ನು ಕೂರಿಸಿ

ಹೊಸ ಯಂತ್ರದ ಜತೆ ಬಂದ ಪೈಪ್, ವಾಷರ್‌ಗಳನ್ನೇ ಬಳಸಿ. ಹಳೆಯ ರಬ್ಬರ್ ಗಟ್ಟಿಯಾಗಿ ಸೋರುತ್ತದೆ. ಯಂತ್ರದ ಪೈಪಿಗೆ ಮುಕ್ಕಾಲು ಇಂಚಿನ ತಿರುಪು ಬೇಕು, ಅಡುಗೆಮನೆಯ ನಲ್ಲಿ ಅರ್ಧ ಇಂಚಿನದಾಗಿದ್ದರೆ ಪ್ಲಂಬರ್‌ಗೆ ಮೊದಲೇ ತಿಳಿಸಿ. ಹೊರಹರಿವಿನ ಪೈಪನ್ನು ಕೈಪಿಡಿ ಹೇಳಿದಷ್ಟು ಎತ್ತರಕ್ಕೆ ಬಾಗಿಸಿ ಕಟ್ಟಿ. ಅದು ನೆಲಕ್ಕೆ ಬಿದ್ದಿದ್ದರೆ ಸಿಂಕಿನ ಕೊಳಕು ನೀರು ಯಂತ್ರದೊಳಕ್ಕೆ ಹಿಂದಿರುಗಬಹುದು. ಕಾಲುಗಳನ್ನು ತಿರುಗಿಸಿ ಯಂತ್ರ ಸಮತಟ್ಟಾಗಿ ನಿಲ್ಲುವಂತೆ ಮಾಡಿ. ವಾಲಿದರೆ ಬಾಗಿಲು ಸರಿಯಾಗಿ ಮುಚ್ಚದೆ ನೀರು ಸೋರುತ್ತದೆ.

ಉಪ್ಪಿನ ಡಬ್ಬಿಗೆ ಮೊದಲ ಸಲ ಮಾತ್ರ ನೀರು ತುಂಬಿ, ಆಮೇಲೆ ಡಿಶ್‌ವಾಷರ್ ಉಪ್ಪು ಹಾಕಿ. ಅಡುಗೆಯ ಪುಡಿ ಉಪ್ಪು ಬೇಡ, ಅದರಲ್ಲಿ ಬೆರೆತ ಇತರ ಪದಾರ್ಥಗಳು ಸಾಫ್ಟ್‌ನರ್ ಅನ್ನು ಕೆಡಿಸುತ್ತವೆ. ಚೆಲ್ಲಿದ ಉಪ್ಪು ಸ್ಟೀಲನ್ನು ತಿನ್ನದಂತೆ ಕೂಡಲೇ ಒಂದು ಖಾಲಿ ತೊಳೆತ ಓಡಿಸಿ. ಅಳೆದ ಗಡಸುತನವನ್ನು ಸೆಟ್ಟಿಂಗ್‌ನಲ್ಲಿ ನಮೂದಿಸಲು ಮರೆಯಬೇಡಿ.

7. ಹಳೆಯದು ಎಲ್ಲಿಗೆ?

ಎಕ್ಸ್‌ಚೇಂಜ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಧಿಕೃತ ಇ-ತ್ಯಾಜ್ಯ ಮರುಬಳಕೆದಾರರಿಗೆ ಕೊಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಗುಜರಿಯವರ ಕೈಗೆ ಹೋದರೆ ತಂತಿ ಸುಟ್ಟು ತಾಮ್ರ ತೆಗೆಯುವ ಸಂಭವವಿದೆ, ಆ ಹೊಗೆ ಕುಡಿಯುವವರು ಅಲ್ಲೇ ದುಡಿಯುವ ಬಡವರು.

ನೆನಪಿರಲಿ

• ಎಂಜಲು, ಮೂಳೆ, ಕರಿಬೇವು ತೆಗೆದು ಜೋಡಿಸಿ. ನಲ್ಲಿಯಡಿ ತೊಳೆದು ಇಡುವ ಅಗತ್ಯವಿಲ್ಲ.
• ಬಟ್ಟಲು, ಲೋಟ ಬೋರಲಾಗಿರಲಿ. ತೋಳುಗಳು ಅಡ್ಡಿಯಿಲ್ಲದೆ ಸುತ್ತುತ್ತವೆಯೇ ಕೈಯಿಂದ ತಿರುಗಿಸಿ ನೋಡಿ.
• ಅಲ್ಯೂಮಿನಿಯಂ ಕುಕ್ಕರ್, ಹಿತ್ತಾಳೆ, ತಾಮ್ರ, ಕಬ್ಬಿಣದ ಕಾವಲಿ, ಮರದ ಸೌಟು ಕೈಯಲ್ಲೇ ತೊಳೆಯಬೇಕಾದವು.
• ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ಹೊಸ ಯಂತ್ರದ ಆಯಸ್ಸು ಹೆಚ್ಚಿಸುವ ಅತ್ಯಂತ ಅಗ್ಗದ ಕೆಲಸ ಇದೇ.