ಮಂಗನ ಕಾಯಿಲೆಗೆ ಲಸಿಕೆ ಎಲ್ಲಿ?

ಕೊರೋನಾ ನಮ್ಮ ದೇಶಕ್ಕೆ ಬಂದು ವರ್ಷ ತುಂಬುವ ಮೊದಲೇ, 2021ರ ಜನವರಿ 16ರಂದು, ಲಸಿಕೆ ಹಾಕಲು ಶುರು ಮಾಡಿದರು. ನಮ್ಮದೇ ಜಿಲ್ಲೆಯ ಮಂಗನ ಕಾಯಿಲೆಯ ಕತೆ ಬೇರೆ. ಇದನ್ನು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದರು. ಹೆಸರು ಮಂಗನದು, ಹರಡೋದು ಉಣುಗು! ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ಉದುರುತ್ತವೆ. ಅದಕ್ಕೇ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು.

ಲಸಿಕೆ ಇತ್ತು. ತಿಂಗಳ ಅಂತರದಲ್ಲಿ ಎರಡು ಸೂಜಿ, ಆಮೇಲೆ ಮತ್ತೆ ಮತ್ತೆ ಬೂಸ್ಟರ್. ಕೂಲಿ ಬಿಟ್ಟು ಅಷ್ಟು ಸಲ ಯಾರು ಬರ್ತಾರೆ ಅಂತ ನನಗೆ ಅನಿಸುತ್ತೆ. ಹಾಕಿಸಿಕೊಂಡವರಿಗೂ ಕಾಯಿಲೆ ಬಂತು. 2022ರಲ್ಲಿ ಅದನ್ನು ನಿಲ್ಲಿಸಿದರು. ಹಾಗಾಗಿ ನಮ್ಮ ಸೋಗಾನೆಯಿಂದ ಸೊಪ್ಪು, ಸೌದೆಗೆ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಹಾಕಿ, ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಬೇಕು. ಜ್ವರ ಬಂದರೆ, ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಬೇಕು.