‘ಸರಿಯಿದೆ’ ಎಂದು ಬರೆದ ಕೈ

ಆ ದಿನ ಮಾದರಿಗಳನ್ನು ಆಸಿಡ್‌ನಲ್ಲಿ ಕುದಿಸುವ ಬ್ಲಾಕ್‌ನಲ್ಲಿ 12 ಟ್ಯೂಬ್ ಇದ್ದವು. 8ರಲ್ಲಿ ಹತ್ತಿಕಾಳು ಹಿಂಡಿ, 2ರಲ್ಲಿ ಕಡಲೆಕಾಯಿ ಹಿಂಡಿ, ಒಂದು ಬ್ಲ್ಯಾಂಕ್, ಒಂದು ಗ್ಲೈಸಿನ್. ಸಂಜೆಯೊಳಗೆ ಪ್ರೋಟೀನ್ ರಿಪೋರ್ಟ್ ಬೇಕೆಂದು ಬೆಳಗ್ಗೆಯಿಂದ ಫೋನ್ ಮೇಲೆ ಫೋನ್. ಪಶು ಆಹಾರದ ಪ್ರಯೋಗಾಲಯದಲ್ಲಿ 21 ವರ್ಷ ಕಳೆದವಳು ನಾನು. ಪ್ರೋಟೀನ್ ಅಳೆಯುವ ಕೆಲ್ಡಾಲ್ ಯೂನಿಟ್ ನನಗೆ ಅಡುಗೆಮನೆಯ ಒಲೆಯಷ್ಟೇ ಪರಿಚಿತ. ಆ ಸಲುಗೆಯೇ ನನ್ನನ್ನು ಕೆಡಿಸಿತು.

ಬ್ಲಾಕ್ 420 ಡಿಗ್ರಿ ಮುಟ್ಟಿ ಹತ್ತು ನಿಮಿಷವಾಗಿರಬಹುದು. ಟ್ಯೂಬ್‌ಗಳ ಬಾಯಿ ಮುಚ್ಚುವ ಮ್ಯಾನಿಫೋಲ್ಡ್‌ನ ಎಡಮೂಲೆಯಿಂದ ಬಿಳಿ ಹೊಗೆ ಎಳೆಎಳೆಯಾಗಿ ಏಳತೊಡಗಿತು. ನೀರಿನ ಹರಿವಿನಿಂದ ಹೊಗೆ ಎಳೆಯುವ ಆಸ್ಪಿರೇಟರ್‌ನ ನಲ್ಲಿಯನ್ನು ಪೂರ್ತಿ ತಿರುಗಿಸಿದೆ. ನೀರಿನ ಸದ್ದು ಹೆಚ್ಚಿತು, ಎಳೆತ ಹೆಚ್ಚಲಿಲ್ಲ. ಹುಡ್‌ನ ಫ್ಯಾನ್ ಅಷ್ಟು ಹೊಗೆಗೆ ಸಾಲಲಿಲ್ಲ. ಆಗ ಸ್ವಿಚ್ ಆರಿಸಿ ಹೊರಗೆ ನಡೆಯಬೇಕಿತ್ತು. ನಾನು ಮಾಡಿದ್ದೇ ಬೇರೆ. ಗ್ಯಾಸ್ಕೆಟ್ ಜರುಗಿರಬೇಕು, ಒಂದು ಕ್ಷಣ ಎತ್ತಿ ಕೂರಿಸಿದರೆ ಆಯಿತು ಎಂದುಕೊಂಡು ಎರಡೂ ಕೈಯಿಂದ ಮ್ಯಾನಿಫೋಲ್ಡ್ ಎತ್ತಿಬಿಟ್ಟೆ.

12 ಟ್ಯೂಬ್‌ಗಳ ಗಂಧಕಾಮ್ಲದ ಹೊಗೆ ಒಮ್ಮೆಗೇ ಮುಖಕ್ಕೆ ರಾಚಿತು. ಕನ್ನಡಕವಿದ್ದರೂ ಕಣ್ಣು ಬಿಡಲಾಗಲಿಲ್ಲ. ಉಸಿರು ಒಳಗೆಳೆದರೆ ಗಂಟಲಿಗೆ ಕೆಂಡ ಸುರಿದಂತೆ. ಕೈಯಲ್ಲಿದ್ದ ಮ್ಯಾನಿಫೋಲ್ಡ್ ಇಡಲು ಜಾಗ ಕಾಣದು, ಕೆಳಗೆ ಬಿಟ್ಟರೆ ಟ್ಯೂಬ್ ಒಡೆದು ಕುದಿಯುವ ಆಸಿಡ್ ಕಾಲಿಗೆ. ಹಾಗೇ ಹಿಡಿದು ನಿಂತೆ. ಎಷ್ಟು ಹೊತ್ತೋ, ನನಗಂತೂ ಅದು ಮುಗಿಯದ ಹೊತ್ತು. “ಮೇಡಂ, ಅಲ್ಲೇ ಟ್ಯೂಬ್ ಮೇಲಿಡಿ, ಬಿಟ್ಟು ಬನ್ನಿ!” ಎಂದು ಕೂಗಿದ್ದು ಸೇರಿ ಎಂಟು ತಿಂಗಳೂ ಆಗದ ಹುಡುಗ. ಮೇನ್ ಸ್ವಿಚ್ ಆರಿಸಿ, ನನ್ನ ರಟ್ಟೆ ಹಿಡಿದು ವರಾಂಡಕ್ಕೆ ಎಳೆದುಕೊಂಡು ಬಂದವನೂ ಅವನೇ. ಕರೆಂಟ್ ಹೋದ ಮಾತ್ರಕ್ಕೆ ಬ್ಲಾಕ್ ತಣ್ಣಗಾಗುವುದಿಲ್ಲ. ಅರ್ಧ ಗಂಟೆಯಾದರೂ ಕಿಟಕಿಯಿಂದ ಹೊಗೆ ಬರುತ್ತಲೇ ಇತ್ತು. ನನ್ನ ಕೆಮ್ಮು ನಿಲ್ಲಲು ಒಂಬತ್ತು ದಿನ ಹಿಡಿಯಿತು.

ಮರುದಿನ ಬಿಚ್ಚಿ ನೋಡಿದರೆ ಆಸ್ಪಿರೇಟರ್‌ನ ನಾಜಲ್‌ನಲ್ಲಿ ನಮ್ಮ ಬೋರ್‌ವೆಲ್ ನೀರಿನ ಉಪ್ಪು ಸುಣ್ಣದ ಹಾಗೆ ಕಟ್ಟಿಕೊಂಡಿತ್ತು. ಗ್ಯಾಸ್ಕೆಟ್ ಬೆರಳಿಗೆ ಬಗ್ಗದಷ್ಟು ಗಡುಸಾಗಿತ್ತು. ಅದಕ್ಕೆ ಇಂಡೆಂಟ್ ಹಾಕಿ ನಾಲ್ಕು ತಿಂಗಳಾಗಿತ್ತು. ಸ್ಟೋರ್ಸ್‌ನ ಅಧಿಕಾರಿ ಒಮ್ಮೆ ಮೂರು ಕೊಟೇಷನ್ ಇಲ್ಲವೆಂದು, ಇನ್ನೊಮ್ಮೆ “ಮಷೀನ್ ನಡೀತಿದೆಯಲ್ಲ, ಮುಂದಿನ ಬಜೆಟ್‌ನಲ್ಲಿ ನೋಡೋಣ” ಎಂದು ಫೈಲ್ ವಾಪಸ್ ಕಳಿಸಿದ್ದರು. ಅವರ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಆದರೆ ಅಂದು ಬೆಳಗ್ಗೆ ರಿಜಿಸ್ಟರ್‌ನಲ್ಲಿ ‘ಆಸ್ಪಿರೇಟರ್ ಸರಿಯಿದೆ’ ಎಂದು ಬರೆದು ಸಹಿ ಹಾಕಿದವಳು ನಾನು. ನೀರು ಬೀಳುವುದನ್ನು ಕಂಡಿದ್ದೆ, ಎಳೆತವಿದೆಯೇ ಎಂದು ಬೆರಳಿಟ್ಟು ನೋಡಿರಲಿಲ್ಲ.

1883ರಲ್ಲಿ ಯೋಹಾನ್ ಕೆಲ್ಡಾಲ್ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಈ ವಿಧಾನ ರೂಪಿಸಿದಂದಿನಿಂದ ಕುದಿಯುವ ಗಂಧಕಾಮ್ಲ ತಪ್ಪಿಲ್ಲ. ಹಾಗಾಗಿ ಹೊಗೆ ಹೋಗುವ ದಾರಿಯನ್ನೇ ಮೊದಲು ನೋಡಿ. ಪ್ರತಿ ಬ್ಯಾಚ್ ಮುಗಿದು ತಣಿದ ಮೇಲೆ ಮ್ಯಾನಿಫೋಲ್ಡನ್ನೂ ಗ್ಯಾಸ್ಕೆಟನ್ನೂ ನೀರಲ್ಲಿ ತೊಳೆಯಿರಿ, ಗ್ಯಾಸ್ಕೆಟ್ ಒತ್ತಿದರೆ ಮೆತ್ತಗೆ ಬಗ್ಗಬೇಕು. ನಾಜಲನ್ನು ತಿಂಗಳಿಗೊಮ್ಮೆ ರಾತ್ರಿಯಿಡೀ ವಿನಿಗರ್‌ನಲ್ಲಿ ನೆನೆಸಿ. ಹೊಗೆಯ ಆಸಿಡ್ ಹೀರುವ ಸ್ಕ್ರಬ್ಬರ್‌ನ ಕಾಸ್ಟಿಕ್ ಸೋಡಾ ದ್ರಾವಣ ಬದಲಿಸುವುದನ್ನು ಮುಂದೂಡಬೇಡಿ. ಟ್ಯೂಬ್‌ಗಳ ತಳವನ್ನು ಬೆಳಕಿಗೆ ಹಿಡಿದು ನೋಡಿ. ನಕ್ಷತ್ರದಂಥ ಬಿರುಕು ಕಂಡರೆ ಎಸೆಯಿರಿ. ಡಿಸ್‌ಪ್ಲೇ 420 ತೋರಿಸಿದರೂ ಮೂಲೆಯ ಗುಂಡಿಗಳ ಶಾಖವನ್ನು ಬೇರೆ ಥರ್ಮೋಕಪಲ್‌ನಿಂದ ಅಳೆಯಿರಿ. ಮಾದರಿ ಪೂರ್ತಿ ಜೀರ್ಣವಾಯಿತೇ ಎಂದು ಪರೀಕ್ಷಿಸಲು ಇಡುವ ಗ್ಲೈಸಿನ್ ಸುಲಭವಾಗಿ ಜೀರ್ಣವಾಗುತ್ತದೆ, ಅದನ್ನು ನಂಬಿ ಕೂರಬಾರದು. ನಾನೀಗ ಟ್ರಿಪ್ಟೊಫಾನ್ ಇಡುತ್ತೇನೆ.

ರಿಜಿಸ್ಟರ್‌ನಿಂದ ‘ಸರಿಯಿದೆ’ ಎಂಬ ಕಾಲಂ ತೆಗೆಸಿದ್ದೇನೆ. ಆಸ್ಪಿರೇಟರ್‌ನ ಪೈಪು 1 ಲೀಟರ್ ನೀರನ್ನು ಎಷ್ಟು ಸೆಕೆಂಡಿನಲ್ಲಿ ಎಳೆಯುತ್ತದೆಂದು ಬರೆಯಬೇಕು. ನಾಜಲ್ ಉಜ್ಜಿದ ದಿನ ನಮ್ಮಲ್ಲಿ 40. 55 ದಾಟಿದರೆ ಅಂದು ಬ್ಲಾಕ್‌ಗೆ ಸ್ವಿಚ್ ಹಾಕುವಂತಿಲ್ಲ. ಕಳೆದ ಸೋಮವಾರ 58 ಬಂತು. ಹುಡುಗ ನನ್ನ ಮುಖ ನೋಡಿದ. ಟ್ಯೂಬ್‌ಗಳನ್ನು ರ‍್ಯಾಕ್‌ನಲ್ಲೇ ಬಿಡಲು ಹೇಳಿ, ರಿಪೋರ್ಟ್ ನಾಳೆ ಎಂದು ನಾನೇ ಫೋನ್ ಮಾಡಿ ತಿಳಿಸಿದೆ.